ನಾನು ಹತ್ತದ ಹಡಗು

ಕಳೆದ ವಾರ ಕೆಲಸದ ಮೇಲೆ ವಿಜಯವಾಡದ ಆಟೋನಗರ್‌ಗೆ ಹೋಗಿದ್ದೆ. ನಮ್ಮ ಬ್ಯಾಂಕಿನ ಗಿರಾಕಿಯೊಬ್ಬರು ಅಲ್ಲಿ ಬಸ್ಸುಗಳ ಮೈ ಕಟ್ಟುವ ಶೆಡ್ಡು ನಡೆಸುತ್ತಾರೆ. ವರ್ಷಕ್ಕೊಮ್ಮೆ ಅದನ್ನು ಕಣ್ಣಾರೆ ನೋಡಿ ಬರುವುದು ನನ್ನ ಪಾಲಿಗೆ ಬಂದ ಕೆಲಸ. ವೆಲ್ಡಿಂಗಿನ ಕಿಡಿ, ತಗಡು ಬಡಿಯುವ ಸದ್ದು, ಬಣ್ಣದ ಘಾಟು ಎಲ್ಲ ರೂಢಿಯಾಗಿವೆ. ಆದರೆ ಶೆಡ್ಡಿನ ಮೂಲೆಯಲ್ಲಿ ಒಬ್ಬಾಕೆ ಹಿತ್ತಾಳೆಯ ಹಿಡಿಗಂಬಿಗಳಿಗೆ ಪಾಲಿಶ್ ಹಚ್ಚಿ ಹಳೇ ಬನಿಯನ್ ಚೂರಿನಿಂದ ಉಜ್ಜುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಬಲಗೈ ಬೆರಳುಗಳು ತಾವಾಗಿ ಮಡಚಿಕೊಂಡವು. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತೆ. ಯಜಮಾನರು ನೀರಿನ ಬಾಟಲಿ ಹಿಡಿದು ಹಿಂದೆಯೇ ಬಂದರು.

"ಎಂಡ ದೆಬ್ಬಾ ಸಾರ್?" ಬಿಸಿಲು ಬಡಿಯಿತಾ ಎಂದು ಕೇಳಿದರು.

ಹೌದು ಅಂದೆ. ಬಿಸಿಲಲ್ಲ. ಎರಡು ವರ್ಷದ ಹಿಂದಿನ ಬೇಸಿಗೆ.

ನಾನು ಗದಗಿನ ಕಡೆಯವನು. ಬ್ಯಾಂಕಿನ ನೌಕರಿ ನನ್ನನ್ನು ಮೊದಲು ವಿಶಾಖಪಟ್ಟಣಕ್ಕೆ ತಂದು, ಒಂಬತ್ತು ವರ್ಷ ಅಲ್ಲಿಟ್ಟು, ಆಮೇಲೆ ವಿಜಯವಾಡದ ಗವರ್ನರ್‌ಪೇಟೆಗೆ ಎತ್ತಿಹಾಕಿತು. ಹೆಂಡತಿ ವಿಮಲಾ, ಮಗಳು ಅನಘಾ ವಿಶಾಖಪಟ್ಟಣದಲ್ಲೇ ಉಳಿದರು. ನಾವು ಅನು ಎನ್ನುತ್ತಿದ್ದ ಮಗಳ ಶಾಲೆ ಅಲ್ಲಿತ್ತು. ವಿಮಲಾ ಮನೆಯಲ್ಲೇ ಗಣಿತದ ಟ್ಯೂಷನ್ ಹೇಳುತ್ತಿದ್ದಳು, ಸಂಜೆಗೆ ಇಪ್ಪತ್ತು ಜೋಡಿ ಚಪ್ಪಲಿ ಬಾಗಿಲಲ್ಲಿ ಇರುತ್ತಿದ್ದವು. ಅವಳ ತಮ್ಮ ರಾಘು ನೌಕಾಪಡೆಯಲ್ಲಿದ್ದ, ಅವನ ಕ್ವಾರ್ಟರ್ಸ್ ಅಲ್ಲೇ ಹತ್ತಿರ. ನಾನು ಶನಿವಾರ ರೈಲು ಹಿಡಿದು ಹೋಗಿ ಭಾನುವಾರ ವಾಪಸಾಗುತ್ತಿದ್ದೆ. ಎರಡು ಊರು, ಎರಡು ಮನೆ, ಎರಡು ಗ್ಯಾಸ್ ಒಲೆ. ನನ್ನ ಸಿಟ್ಟಿಗೆ ಆಗ ಇದನ್ನೇ ಕಾರಣವಾಗಿ ಹೇಳಿಕೊಳ್ಳುತ್ತಿದ್ದೆ. ವಿಜಯವಾಡದ ಬಿಸಿಲನ್ನೂ ಸೇರಿಸುತ್ತಿದ್ದೆ. ಆ ಊರಿನಲ್ಲಿ ಏಪ್ರಿಲ್ ಬಂತೆಂದರೆ ಸುತ್ತಲ ಕಲ್ಲುಗುಡ್ಡಗಳು ಕಾದ ಹಂಚಿನಂತಾಗಿ, ಸೂರ್ಯ ಮುಳುಗಿದ ಮೇಲೂ ಬಿಸಿ ಉಗುಳುತ್ತವೆ. ಕೃಷ್ಣೆಯ ಮೇಲಿಂದ ಬರುವ ಗಾಳಿಯೂ ಒಲೆಯ ಮುಂದೆ ನಿಂತ ಹಾಗಿರುತ್ತದೆ. ಆದರೆ ಆ ಊರಿನ ಲಕ್ಷಾಂತರ ಜನ ಅದೇ ಬಿಸಿಲಿನಲ್ಲಿ ಬೆಂದು ಮನೆಗೆ ಹೋಗಿ ಮಜ್ಜಿಗೆ ಕುಡಿದು ಮಲಗುತ್ತಿದ್ದರು. ಯಾರಿಗೂ ಹೊಡೆಯುತ್ತಿರಲಿಲ್ಲ.

ನಾನು ಹೊಡೆಯುತ್ತಿದ್ದೆ. ಇದನ್ನು ಇಷ್ಟು ಸರಳವಾಗಿ ಬರೆಯಲು ನನಗೆ ಎರಡು ವರ್ಷ ಬೇಕಾಯಿತು.

ಆ ಏಪ್ರಿಲ್ ಮೊದಲ ವಾರ ಗವರ್ನರ್‌ಪೇಟೆಯಲ್ಲಿ ಬ್ಯಾಂಕಿನ ಎದುರೇ ಒಂದು ಆಟೋ ನನ್ನ ಕಾರಿನ ಬಾಗಿಲಿಗೆ ಗೀರಿಕೊಂಡು ಹೋಯಿತು. ದಟ್ಟಣೆಯಲ್ಲಿ ಅದು ಮುಂದೆ ಹೋಗಲಾರದೆ ನಿಂತಿತ್ತು. ನಾನು ಇಳಿದು ಹೋಗಿ ಚಾಲಕನ ಕೊರಳಪಟ್ಟಿ ಹಿಡಿದು ಹೊರಗೆಳೆದೆ. ಮೂವತ್ತರ ಆಸುಪಾಸಿನ, ಸಣಕಲು ಮನುಷ್ಯ. "ಸಾರಿ ಸಾರ್, ಚೂಡಲೇದು ಸಾರ್" ಎನ್ನುತ್ತಿದ್ದ, ನೋಡಲಿಲ್ಲ ಎಂದು. ಕೆನ್ನೆಗೆ ಎರಡು ಬಿಟ್ಟೆ. ಮೂರನೆಯದು ಕಿವಿಯ ಮೇಲೆ ಬಿದ್ದು ಅವನು ಆಟೋದ ಕಬ್ಬಿಣಕ್ಕೆ ಒರಗಿದ. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ಆದರೆ ಕೈ ಎತ್ತಲಿಲ್ಲ. ಸುತ್ತ ಜನ ನಿಂತು ನೋಡಿದರು, ಯಾರೋ ಹಾರ್ನ್ ಹೊಡೆದರು, ದಟ್ಟಣೆ ಸಡಿಲಾಯಿತು, ಅವನು ಹೋದ. ನಾನು ಒಳಗೆ ಬಂದು ಮುಖ ತೊಳೆದು ಕುರ್ಚಿಯಲ್ಲಿ ಕುಳಿತೆ. ಅಂಗೈ ಉರಿಯುತ್ತಿತ್ತು. ಹಗುರ ಅನಿಸುತ್ತಿತ್ತು. ಅದು ನಾಚಿಕೆಯ ಮಾತು, ಆದರೆ ನಿಜ. ಹೊಡೆದ ಮೇಲೆ ಒಂದರ್ಧ ತಾಸು ನನಗೆ ಹಗುರ ಅನಿಸುತ್ತಿತ್ತು.

ನಮ್ಮ ಬ್ರಾಂಚಿನ ಹಿರಿಯ ಗುಮಾಸ್ತೆ ಸತ್ಯವತಿಗಾರು ಕಾಗದ ಸಹಿಗೆ ತಂದವರು ಹೊರಡದೆ ನಿಂತರು. ನಿವೃತ್ತಿಗೆ ಹತ್ತಿರವಾಗಿದ್ದ, ಯಾರ ಗೋಜಿಗೂ ಹೋಗದ ಹೆಂಗಸು.

"ಸಾರ್, ಏಮೀ ಅನುಕೋಕಂಡಿ," ತಪ್ಪು ತಿಳಿಯಬೇಡಿ ಎಂದು ಶುರುಮಾಡಿ, ತೆಲುಗಿನಲ್ಲೇ ಹೇಳಿದರು: "ಅವನು ನನಗೆ ಗೊತ್ತು. ಒನ್ ಟೌನ್ ಕಡೆಯವನು. ನಮ್ಮ ಬೀದಿಯ ಮಕ್ಕಳನ್ನು ಶಾಲೆಗೆ ಬಿಡುತ್ತಾನೆ. ತಿರುಗಿ ಹೊಡೆಯಲಿಲ್ಲ ಅಂದರೆ ಹೆದರಿದ ಅಂತ ಅಲ್ಲ ಸಾರ್. ಮಕ್ಕಳನ್ನು ಕರೆತರೋ ಹೊತ್ತಾಗಿತ್ತು, ಅಷ್ಟೇ."

"ನೀವು ನಿಮ್ಮ ಕೌಂಟರ್ ನೋಡಿಕೊಳ್ಳಿ" ಅಂದೆ.

"ಸರೇ ಅಂಡಿ," ಆಗಲಿ ಎಂದು ಹೋದರು. ಆಮೇಲೆ ನನ್ನ ವರ್ಗಾವಣೆಯವರೆಗೂ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು.

ಆ ಬೇಸಿಗೆಗೆ ವಿಮಲಾ ಒಂದು ಆಸೆ ಇಟ್ಟುಕೊಂಡಿದ್ದಳು. ನಮ್ಮ ಬಾಡಿಗೆ ಮನೆಯ ತಾರಸಿಯಿಂದ ಸಮುದ್ರ ಕಾಣುತ್ತಿತ್ತು, ಬಂದರಿಗೆ ಸರದಿ ಕಾಯುತ್ತ ದೂರದಲ್ಲಿ ನಿಂತ ಹಡಗುಗಳು ಕಾಣುತ್ತಿದ್ದವು. ಹತ್ತು ವರ್ಷ ಬಟ್ಟೆ ಒಣಹಾಕುತ್ತ ಅವನ್ನು ನೋಡಿದ್ದಳು. ತಮ್ಮ ನೌಕಾಪಡೆಯವನು, ಅವನು ಹಡಗಿನ ಮಾತು ತೆಗೆದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತಿದ್ದಳು. ಟ್ಯೂಷನ್ನಿನಲ್ಲಿ ದುಡಿದದ್ದನ್ನು ಕೂಡಿಸಿ, ಸಿಂಗಾಪುರದಿಂದ ಹೊರಟು ನಾಲ್ಕು ದಿನ ಸಮುದ್ರದಲ್ಲಿ ಸುತ್ತಿಸಿ ತರುವ ಒಂದು ಪ್ರವಾಸಿ ಹಡಗಿನಲ್ಲಿ ಮೂವರಿಗೂ ಜಾಗ ಹಿಡಿದಳು. ಹಡಗು ಹೊರಡುವುದಕ್ಕೆ ಎರಡು ದಿನ ಮೊದಲೇ ಸಿಂಗಾಪುರ ಸೇರಿ ಊರು ನೋಡುವುದೆಂದು ಹೋಟೆಲನ್ನೂ ತನ್ನ ಹೆಸರಿನಲ್ಲೇ ಕಾದಿರಿಸಿದಳು. ನನ್ನ ಪಾಲಿಗೆ ಬಿಟ್ಟದ್ದು ಒಂದೇ ಕೆಲಸ, ಅನೂಳ ಪಾಸ್‌ಪೋರ್ಟ್ ನವೀಕರಣ. ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷದ ಆಯುಷ್ಯ.

ನಾನು ಅರ್ಜಿ ಹಾಕಿರಲಿಲ್ಲ. ಹಾಕಿದ್ದೇನೆ ಎಂದು ಹೇಳಿದ್ದೆ.

ಏಪ್ರಿಲಿನ ಮೂರನೆಯ ಭಾನುವಾರ, ಊಟದ ಹೊತ್ತು. ವಿಮಲಾ ಬಡಿಸುತ್ತಿದ್ದಳು.

"ಅನೂನ ಪಾಸ್‌ಪೋರ್ಟ್ ಎಲ್ಲಿಗೆ ಬಂತ್ರೀ?"

"ಬರ್ತದ."

"ಅರ್ಜಿ ನಂಬರ್ ಕೊಡ್ರಿ, ಫೋನಿನ್ಯಾಗ ನಾ ನೋಡ್ತೀನಿ."

"ಬರ್ತದ ಅಂದ್ನಲ್ಲ."

ಅವಳು ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿಟ್ಟಳು. ಆಮೇಲೆ ದನಿ ಏರಿಸದೆ ಹೇಳಿದಳು: "ಹಾಕಿಲ್ಲ ಅಂದ್ರ ಹಾಕಿಲ್ಲ ಅನ್ರಿ. ಇನ್ನೂ ಹೊತ್ತದ. ನಾ ಹಾಕತೀನಿ."

ಬೈದಿದ್ದರೆ ನನಗೆ ಬೈಯಲು ಬರುತ್ತಿತ್ತು. ಅವಳು ಸುಳ್ಳನ್ನು ಅಷ್ಟು ಮೆತ್ತಗೆ ಎತ್ತಿ ಪಕ್ಕಕ್ಕಿಟ್ಟದ್ದು ತಡೆಯಲಾಗಲಿಲ್ಲ. ಕೈಗೆ ಸಿಕ್ಕಿದ್ದು ನೀರು ತುಂಬಿದ ಸ್ಟೀಲ್ ತಂಬಿಗೆ. ಎಸೆದೆ. ಅದು ಅವಳ ಬಲ ಹುಬ್ಬಿನ ಮೇಲೆ ಬಡಿದು, ಗೋಡೆಗೆ ಹಾರಿ, ನೆಲದ ಮೇಲೆ ಉರುಳುತ್ತ ಅಡುಗೆಮನೆಯವರೆಗೆ ಹೋಯಿತು. ನೀರು ಅನ್ನದ ಮೇಲೆ, ಅನೂಳ ತಟ್ಟೆಯ ಮೇಲೆ ಚೆಲ್ಲಿತು. ವಿಮಲಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕುಳಿತಳು. ಬೆರಳ ಸಂದಿಯಿಂದ ರಕ್ತ ಇಳಿದು ಮೊಣಕೈಯವರೆಗೆ ಹೋಯಿತು. ಅವಳು ಕೂಗಲಿಲ್ಲ. ಅನು ಎದ್ದು ಫ್ರಿಜ್ಜಿನಿಂದ ಬರ್ಫ್ ತಂದು, ಟವೆಲಿನಲ್ಲಿ ಸುತ್ತಿ, ತಾಯಿಯ ಹಣೆಗೆ ಒತ್ತಿ ಹಿಡಿದಳು. ಹದಿಮೂರು ವರ್ಷದ ಹುಡುಗಿ ಆ ಕೆಲಸವನ್ನು ಎಷ್ಟು ಸಲೀಸಾಗಿ ಮಾಡಿದಳೆಂದರೆ, ಅದು ಅವಳಿಗೆ ಹೊಸದಲ್ಲ ಎಂದು ನಾನು ಆಗಲೇ ಅರ್ಥಮಾಡಿಕೊಳ್ಳಬೇಕಿತ್ತು.

ಮೂರು ಹೊಲಿಗೆ ಬಿತ್ತು. ಕ್ಲಿನಿಕ್ಕಿನಲ್ಲಿ ಡಾಕ್ಟರು ಕೇಳುವ ಮೊದಲೇ "ಬಾತ್‌ರೂಮಿನಲ್ಲಿ ಜಾರಿದಳು" ಅಂದೆ. ವಿಮಲಾ ಛಾವಣಿ ನೋಡುತ್ತ ಮಲಗಿದ್ದಳು. ರಾಘುವಿಗೂ ಅದೇ ಸುಳ್ಳು ಹೋಯಿತು. ಮರುದಿನ ಅವಳೇ ಹೋಗಿ ಅನೂಳ ಅರ್ಜಿಯನ್ನು ತುರ್ತಿನ ಸಾಲಿನಲ್ಲಿ ಹಾಕಿಬಂದಳು.

ವೀಸಾಕ್ಕೆ ಫೋಟೋ ಬೇಕಿತ್ತು. ಊತ ಇಳಿದು ಹೊಲಿಗೆ ಬಿಚ್ಚುವವರೆಗೆ ಕಾದೆವು. ಮೇ ಮೊದಲ ವಾರ ಮನೆ ಹತ್ತಿರದ ಸ್ಟುಡಿಯೋಕ್ಕೆ ಹೋದಾಗ ಹುಬ್ಬನ್ನು ಕತ್ತರಿಸಿಕೊಂಡು ಒಂದು ಕೆಂಪು ಗೆರೆ ಉಳಿದಿತ್ತು. ಫೋಟೋದವನು ಕಂಪ್ಯೂಟರಿನಲ್ಲಿ ಚಿತ್ರ ದೊಡ್ಡದು ಮಾಡಿ, ಆ ಗೆರೆ ತೆಗೆದುಬಿಡಲೇ ಮೇಡಂ, ಒಂದು ನಿಮಿಷದ ಕೆಲಸ ಎಂದ.

"ಒದ್ದಂಡಿ. ಉಂಡನಿವ್ವಂಡಿ" ಎಂದಳು ವಿಮಲಾ. ಬೇಡ, ಇರಲಿ.

ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ನಾನು ಗೋಡೆಯ ಮೇಲಿನ ಮದುವೆ ಫೋಟೋಗಳನ್ನು ನೋಡುತ್ತ ನಿಂತಿದ್ದೆ.

ಮೇ ಕೊನೆಗೆ, ಹೊರಡುವ ಹಿಂದಿನ ದಿನ ವಿಜಯವಾಡದಲ್ಲಿ ಬಿರುಗಾಳಿ ಎದ್ದಿತು. ಮಧ್ಯಾಹ್ನ ಮೂರಕ್ಕೆ ಆಕಾಶ ಕಪ್ಪಾಗಿ, ಧೂಳು ಗೋಡೆಯ ಹಾಗೆ ಎದ್ದು ಬಂತು. ಬ್ಯಾಂಕಿನ ಎದುರಿನ ಅಂಗಡಿಯ ದೊಡ್ಡ ಬೋರ್ಡು ಕಿತ್ತು ಬಂದು ಎರಡು ಬೈಕುಗಳ ಮೇಲೆ ಬಿತ್ತು. ಒಂದು ತಗಡು ರಸ್ತೆಯುದ್ದಕ್ಕೂ ಕಿಡಿ ಹಾರಿಸುತ್ತ ಜಾರಿಹೋಯಿತು. ಹಣ್ಣಿನ ಗಾಡಿಯವಳೊಬ್ಬಳ ಹಣೆ ಒಡೆಯಿತು. ನಾವೆಲ್ಲ ಷಟರ್ ಎಳೆದು ಒಳಗೆ ನಿಂತೆವು. ಹತ್ತು ನಿಮಿಷಕ್ಕೆ ಎಲ್ಲ ಮುಗಿದು, ನಾಲ್ಕು ಹನಿ ಮಳೆ ಬಿದ್ದು, ಮತ್ತೆ ಅದೇ ಸೆಕೆ. ರೈಲು ತಡವಾಯಿತು. ವಿಶಾಖಪಟ್ಟಣದ ಮನೆ ಸೇರುವಾಗ ನಾನು ಇಡೀ ದಾರಿ ಯಾರ ಮೇಲೆ ರೇಗಬೇಕೆಂದು ಹುಡುಕುತ್ತ ಬಂದವನ ಹಾಗಿದ್ದೆ.

ಸಿಂಗಾಪುರದಲ್ಲಿ ಇಳಿದಾಗ ಮೂರು ಚೀಲದಲ್ಲಿ ಎರಡೇ ಬಂದವು. ಬಾರದೆ ಉಳಿದದ್ದು ವಿಮಲಾಳ ಚೀಲ. ಕೌಂಟರಿನವರು ಒಂದು ಫಾರಂ ಕೊಟ್ಟು, ಸಿಕ್ಕ ಕೂಡಲೇ ಹೋಟೆಲಿಗೆ ಕಳಿಸುತ್ತೇವೆ ಎಂದರು. ವಿಮಲಾ ಪೆನ್ನು ತೆಗೆದಿದ್ದಳು.

"ಕೊಡಿಲ್ಲಿ. ನಿನಗ ತಿಳಿಯೂದಿಲ್ಲ" ಎಂದು ಕಸಿದುಕೊಂಡು ನನ್ನ ಹೆಸರು ಬರೆದೆ, ಹೋಟೆಲಿನ ಹೆಸರು ಬರೆದೆ, ಸಹಿ ಹಾಕಿದೆ.

ಆ ಎರಡು ದಿನ ಅವರಿಬ್ಬರೂ ಖುಷಿಯಾಗಿದ್ದರು. ಇದನ್ನು ನಾನು ಬಿಟ್ಟುಬಿಡಬಾರದು. ಚಾಲಕನೇ ಇಲ್ಲದ ರೈಲಿನ ಮೊದಲ ಡಬ್ಬಿಯಲ್ಲಿ ಗಾಜಿಗೆ ಮೂಗು ಹಚ್ಚಿ ಅನು ಊರ ಅಡಿಯ ಸುರಂಗಗಳನ್ನೆಲ್ಲ ಸುತ್ತಿದಳು. ಬದಲಿಸಲು ಬಟ್ಟೆಯಿಲ್ಲದ ವಿಮಲಾ ಮಗಳ ಬಲವಂತಕ್ಕೆ ಒಂದು ನೀಲಿ ಟೀ ಶರ್ಟು, ಸಡಿಲ ಪ್ಯಾಂಟು ಕೊಂಡು ಹಾಕಿಕೊಂಡಳು. ಮದುವೆಯಾದ ಹದಿನೈದು ವರ್ಷದಲ್ಲಿ ಅವಳನ್ನು ಸೀರೆ, ಚೂಡಿದಾರ ಬಿಟ್ಟು ಬೇರೆಯದರಲ್ಲಿ ನಾನು ನೋಡಿರಲಿಲ್ಲ. ಕನ್ನಡಿಯ ಮುಂದೆ ನಿಂತು ತಾಯಿ ಮಗಳು ಬಿದ್ದುಬಿದ್ದು ನಕ್ಕರು. ಸಂಜೆ ಮಳೆ ಸುರಿಯಿತು, ಕೊಡೆಯಿಲ್ಲದೆ ಇಬ್ಬರೂ ನೆನೆದುಕೊಂಡೇ ರಸ್ತೆ ದಾಟಿದರು. ಸಮುದ್ರದ ಅಂಚಿಗೆ ಹೋದಾಗ ನಾವು ಹತ್ತಬೇಕಾದ ಹಡಗಿನಂಥದೇ ಇನ್ನೊಂದು ನಿಂತಿತ್ತು, ಹನ್ನೆರಡು ಅಂತಸ್ತಿನ ಬಿಳಿಯ ಕಟ್ಟಡದ ಹಾಗೆ. ವಿಮಲಾ ಕಟಾಂಜನ ಹಿಡಿದು ಬಹಳ ಹೊತ್ತು ನೋಡಿದಳು.

ನನಗೆ ಚೀಲದ್ದೇ ಚಿಂತೆ. ದಿನಕ್ಕೆ ನಾಲ್ಕು ಸಲ ಹೋಟೆಲಿನ ಕೆಳಗೆ ಬಂದು ಸಾಮಾನು ನೋಡಿಕೊಳ್ಳುವ ಮುದುಕನನ್ನು ಕೇಳುತ್ತಿದ್ದೆ. ಮಾರಿಮುತ್ತು ಎಂದು ಅವನ ಹೆಸರು, ಅಲ್ಲೇ ಹುಟ್ಟಿ ಬೆಳೆದ ತಮಿಳಿನವನು, ಎಪ್ಪತ್ತರ ಹತ್ತಿರ. ಬಂದ ದಿನವೇ ಅನೂಳನ್ನು ಪುಟ್ಟಿ ಅನ್ನುವ ಹಾಗೆ "ಪಾಪಾ" ಎಂದು ಮಾತಾಡಿಸಿ ರೈಲಿನ ನಕ್ಷೆ ಕೊಟ್ಟಿದ್ದ. "ನಾಲ್ಕುನೂರ ಹನ್ನೆರಡನೇ ರೂಮಿನ ಚೀಲ ಬಂತಾ?" ಎಂದರೆ, ಕನ್ನಡಕ ಏರಿಸಿ ಪಟ್ಟಿ ನೋಡಿ, ಇನ್ನೂ ಇಲ್ಲ ಎಂದು ತಲೆಯಾಡಿಸುತ್ತಿದ್ದ.

"ಬಿಡ್ರಿ," ಎಂದಳು ವಿಮಲಾ ಎರಡನೆಯ ದಿನ. "ನನಗ ಆ ಚೀಲ ಬ್ಯಾಡ. ಬಂದ್ರ ಬರಲಿ, ಇಲ್ಲಂದ್ರ ಇಲ್ಲ."

"ನಿನಗ ಬ್ಯಾಡ ಅಂದ್ರ ಮುಗೀತೇನು? ಹೊಣೆಗಾರಿಕೆ ಅನ್ನೂದು ಒಂದಿರ್ತದ."

ಹಡಗು ಹತ್ತುವ ದಿನ ಬೆಳಿಗ್ಗೆ ಹತ್ತಕ್ಕೆ ಕೋಣೆ ಖಾಲಿ ಮಾಡಿ ಕೆಳಗೆ ಬಂದೆವು. ಮಾರಿಮುತ್ತು ಹಿತ್ತಾಳೆ ಕಂಬಿಗಳ ದೊಡ್ಡ ಸಾಮಾನು ಗಾಡಿಯನ್ನು ಆಗಷ್ಟೇ ಉಜ್ಜಿ ನಿಲ್ಲಿಸಿದ್ದ. ಪಾಲಿಶಿನ ವಾಸನೆ ಲಾಬಿಯ ತುಂಬ ಇತ್ತು. ಅವನ ಹಿಂದೆ ಅರ್ಧ ತೆರೆದ ಬಾಗಿಲು, ಆ ಬಾಗಿಲ ಒಳಗೆ ಗೋಡೆಗೆ ಒರಗಿಸಿದ ವಿಮಲಾಳ ಮೆರೂನ್ ಬಣ್ಣದ ಚೀಲ. ಹಿಡಿಕೆಗೆ ಅನು ಕಟ್ಟಿದ್ದ ಹಳದಿ ರಿಬ್ಬನ್ನು ದೂರದಿಂದಲೇ ಕಂಡಿತು.

ನಾನು ಒಳಗೆ ಹೋಗಿ ಚೀಲ ಎಳೆದು ತಂದು ಅವನ ಕಾಲ ಬಳಿ ಕುಕ್ಕಿದೆ. ಇದೇನು ಎಂದೆ. ಅವನು ಬಗ್ಗಿ ಚೀಟಿ ಓದಿ, ನಿಧಾನವಾಗಿ, ಇದು ನಿನ್ನೆ ಬೆಳಿಗ್ಗೆ ಬಂದದ್ದು, ಈ ಹೆಸರಿನ ಅತಿಥಿ ನಮ್ಮಲ್ಲಿ ಇಲ್ಲ ಎಂದು ಕೌಂಟರಿನಲ್ಲಿ ಹೇಳಿದರು, ಆದ್ದರಿಂದ ತೆಗೆದಿಟ್ಟೆ ಎನ್ನತೊಡಗಿದ. ಅವನು ಹೇಳಿದ್ದು ಸರಿಯಾಗಿತ್ತು. ಕೋಣೆ ವಿಮಲಾಳ ಹೆಸರಿನಲ್ಲಿತ್ತು, ಚೀಟಿಯಲ್ಲಿ ನನ್ನ ಹೆಸರಿತ್ತು, ಅದನ್ನು ಬರೆದವನು ನಾನೇ. ಅದು ನನಗೆ ಆ ಕ್ಷಣದಲ್ಲೇ ಹೊಳೆಯಿತು ಕೂಡ. ಹೊಳೆದದ್ದಕ್ಕೇ ಹೊಡೆದೆ.

ಮುಷ್ಟಿ ಕಟ್ಟಿ ಬಾಯಿಗೆ ಹೊಡೆದೆ. ಅವನು ಹಿಂದಕ್ಕೆ ಬಿದ್ದ. ಬೀಳುವಾಗ ಗಲ್ಲ ಗಾಡಿಯ ಹಿತ್ತಾಳೆ ಕಂಬಿಗೆ ಬಡಿದು, ಒದ್ದೆ ಕಟ್ಟಿಗೆ ಮುರಿದಂಥ ಸದ್ದಾಯಿತು. ಕನ್ನಡಕ ಕಾಲ್ಕೆಳಗೆ ಬಂತು. ಬಿಳಿಯ ಸಮವಸ್ತ್ರದ ಎದೆಯ ಮೇಲೆ ರಕ್ತ ಹರಡಿತು. ನಾನು ಅವನ ಮೇಲೆ ಬಗ್ಗಿ ಇನ್ನೂ ಬೈಯುತ್ತಿದ್ದೆ, ಅಲ್ಲಿ ಯಾರಿಗೂ ತಿಳಿಯದ ಕನ್ನಡದಲ್ಲಿ, ನಮ್ಮ ಊರ ಕಡೆಯ ಹೊಲಸು ಬೈಗುಳಗಳನ್ನು. ಇನ್ನೊಂದು ಹೊಡೆಯಲು ಎತ್ತಿದ ಕೈಯನ್ನು ಹಿಂದಿನಿಂದ ಇಬ್ಬರು ಹಿಡಿದರು. ತಿರುಗಿ ಅವರಲ್ಲೊಬ್ಬನ ಹೊಟ್ಟೆಗೆ ಮೊಣಕೈ ಹಾಕಿದೆ. ಆಗ ನನ್ನನ್ನು ನೆಲಕ್ಕೆ ಒತ್ತಿ ಹಿಡಿದರು. ಕೆನ್ನೆಗೆ ತಣ್ಣನೆಯ ಕಲ್ಲು ತಾಗಿತು. ಅಲ್ಲಿಂದ ನನಗೆ ಕಂಡದ್ದು ವಿಮಲಾಳ ಹೊಸ ಚಪ್ಪಲಿ. ಅದು ನನ್ನ ಕಡೆ ಬರಲಿಲ್ಲ. ಮಾರಿಮುತ್ತುವಿನ ಕಡೆ ಹೋಯಿತು.

ಅವಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತುಟಿ ಒಳಗೆ ಸಿಕ್ಕಿಕೊಂಡಿದ್ದ ಹಲ್ಲಿನ ಚೂರನ್ನು ಬೆರಳಿನಿಂದ ತೆಗೆದಳು, ರಕ್ತ ಗಂಟಲಿಗೆ ಇಳಿಯದಂತೆ ಮುಖವನ್ನು ಓರೆ ಮಾಡಿ ಹಿಡಿದಳು. ಆಂಬುಲೆನ್ಸು ಬರುವವರೆಗೆ ಹಾಗೇ ಕುಳಿತಿದ್ದಳು.

ಪೊಲೀಸರು ಕೆಲವೇ ನಿಮಿಷಗಳಲ್ಲಿ ಬಂದರು. ದನಿ ಎತ್ತದೆ ಮಾತಾಡುವ ಒಬ್ಬ ಮಹಿಳಾ ಅಧಿಕಾರಿ ನನ್ನ ಕೈಗೆ ಬೇಡಿ ಹಾಕಿದಳು. ಅನು ದೊಡ್ಡ ಹೂಕುಂಡದ ಹಿಂದೆ ನಿಂತಿದ್ದಳು. ಬೇಡಿ ಬಿದ್ದದ್ದನ್ನು ನೋಡಿದಳು. ವಿಮಲಾ ಕೈ ತೊಳೆದುಕೊಂಡು ಬಂದು ಅಧಿಕಾರಿಯನ್ನು ಇಂಗ್ಲಿಷಿನಲ್ಲಿ ಕೇಳಿದಳು:

"ನಾನು ಮತ್ತು ನನ್ನ ಮಗಳು ಹೋಗಬಹುದೇ?"

"ನಿಮ್ಮ ಹೇಳಿಕೆ ಬರೆದುಕೊಳ್ಳುತ್ತೇವೆ. ಆಮೇಲೆ ನೀವು ಹೋಗಬಹುದು, ಮೇಡಂ. ಎಲ್ಲಿಗೆ ಹೋಗಬೇಕು?"

"ಹಡಗಿಗೆ."

ನಾನು ತಪ್ಪು ಕೇಳಿಸಿಕೊಂಡೆ ಅಂದುಕೊಂಡೆ. "ವಿಮಲಾ, ರಾಘುಗ ಫೋನ್ ಹಚ್ಚು. ಇಲ್ಲಿ ವಕೀಲರು ಯಾರರೆ..."

"ಹಚ್ಚತೀನಿ," ಎಂದಳು. "ಅವನಿಗೆ ಎಲ್ಲಾ ಹೇಳ್ತೀನಿ. ಹುಬ್ಬಿಂದೂ ಹೇಳ್ತೀನಿ. ಹಡಗು ನಾಕಕ್ಕ ಬಿಡ್ತದ. ನಾವು ಹೋಗ್ತೀವಿ."

"ನನ್ನ ಹಿಂಗ ಬಿಟ್ಟು?"

ಅನು ಬಂದು ತಾಯಿಯ ಕೈ ಹಿಡಿದಳು. ಅವಳಿಗೆ ಕನ್ನಡ ನಮ್ಮಿಬ್ಬರ ಜೊತೆಗೆ ಮಾತ್ರ. ಗೆಳತಿಯರ, ನಗುವಿನ, ಜಗಳದ ಭಾಷೆಯೆಲ್ಲ ತೆಲುಗು. "ಅಮ್ಮಾ, ಪದ. ವೆಳ್ದಾಂ" ಎಂದಳು, ನಡಿ, ಹೋಗೋಣ. ಇಬ್ಬರೂ ಒಂದೇ ಸಣ್ಣ ಚೀಲ ತೆಗೆದುಕೊಂಡರು. ಮೆರೂನ್ ಬಣ್ಣದ್ದು ಅಲ್ಲೇ ಉಳಿಯಿತು.

ನನ್ನ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡರು. ಮರುದಿನ ಜಾಮೀನು ಸಿಕ್ಕಿತು. ನಿಂತವರು ರಾಘುವಿನ ಪರಿಚಯದ, ಅಲ್ಲಿ ನೆಲೆಸಿದ ಒಬ್ಬ ನಿವೃತ್ತ ನಾವಿಕರು. ಕೆಲಸಕ್ಕೆ ಬಂದವರು ಇರುವ ಹಾಸ್ಟೆಲಿನಲ್ಲಿ ಒಂದು ಮಂಚ ತೋರಿಸಿ ಹೋದರು. ಮೇಲಿನ ಮಂಚದಲ್ಲಿ ಶ್ರೀಕಾಕುಳಂ ಕಡೆಯ ವೆಲ್ಡರ್ ಒಬ್ಬನಿದ್ದ. ಏನು ಮಾಡಿದಿರಿ ಎಂದು ಕೇಳಿದ. ಹೇಳಿದೆ. "ಮುದುಕನಿಗಾ?" ಎಂದು ಒಂದೇ ಮಾತು ಕೇಳಿ ಆ ಕಡೆ ತಿರುಗಿ ಮಲಗಿದ. ಐದು ವಾರ ಅಲ್ಲಿದ್ದೆ. ದಿನಾ ಮಧ್ಯಾಹ್ನ ಮಳೆ ಸಿಡಿಲಿನ ಸಮೇತ ಬಂದು ಹೋಗುತ್ತಿತ್ತು. ವಿಮಲಾ, ಅನು ನಾಲ್ಕು ದಿನದ ಮೇಲೆ ಅದೇ ಊರಿಗೆ ಹಡಗಿನಿಂದ ಇಳಿದು, ಅಲ್ಲಿಂದಲೇ ವಿಮಾನ ಹತ್ತಿ ವಿಶಾಖಪಟ್ಟಣ ಸೇರಿದರು. ನನ್ನನ್ನು ನೋಡಲು ಬರಲಿಲ್ಲ. ಫೋನ್ ರಾಘು ಎತ್ತುತ್ತಿದ್ದ, "ಮುಟ್ಟ್ಯಾರ. ಆರಾಮ ಅದಾರ" ಎಂದು ಇಡುತ್ತಿದ್ದ.

ಗಾಯಗೊಂಡವನು ಒಪ್ಪಿದರೆ ಕ್ಷಮಾಪಣೆಯ ಮೇಲೆ ಪ್ರಕರಣ ಮುಗಿಯಬಹುದು ಎಂದು ವಕೀಲರು ತಿಳಿಸಿದರು. ಅವನ ಹಲ್ಲು, ದವಡೆಯ ಚಿಕಿತ್ಸೆ ನಾನು ಹೊರಬೇಕು, ಎದುರು ಕುಳಿತು ಕ್ಷಮೆ ಕೇಳಬೇಕು. ಐದನೆಯ ವಾರ ಒಂದು ಸಣ್ಣ ಕೋಣೆಯಲ್ಲಿ ನಮ್ಮನ್ನು ಕೂರಿಸಿದರು. ಮಾರಿಮುತ್ತು ಮಗಳ ಜೊತೆ ಬಂದಿದ್ದ. ಗಲ್ಲದ ಮೇಲೆ ಗುರುತಿತ್ತು, ಮುಂದಿನ ಎರಡು ಹಲ್ಲು ಇರಲಿಲ್ಲ, ಹೊಸ ಕನ್ನಡಕ. ನಾನು ಬರೆದು ತಂದದ್ದನ್ನು ಓದಿದೆ. ಬಿಸಿಲು, ಕೆಲಸದ ಒತ್ತಡ, ಪ್ರಯಾಣದ ಆಯಾಸ, ಎಲ್ಲ ಅದರಲ್ಲಿತ್ತು. ಅವನು ಕೊನೆಯವರೆಗೂ ಕೇಳಿ, ತಮಿಳಿನಲ್ಲಿ ಒಂದು ಪ್ರಶ್ನೆ ಹಾಕಿದ.

"ವೀಟ್ಟಿಲೆಯುಂ ಇಪ್ಪಡಿತ್ತಾನಾ?"

ಮನೆಯಲ್ಲೂ ಹೀಗೇನಾ. ಅಷ್ಟು ತಮಿಳು ನನಗೆ ತಿಳಿಯುತ್ತಿತ್ತು. ವಕೀಲರು, ಉತ್ತರಿಸಬೇಕಿಲ್ಲ ಎಂದು ನನ್ನ ತೋಳು ಮುಟ್ಟಿದರು.

"ಯಾಕೆ ಕೇಳುತ್ತೀರಿ?" ಎಂದೆ.

ಅವನು ಮಗಳಿಗೆ ತಮಿಳಿನಲ್ಲಿ ಹೇಳಿದ, ಅವಳು ಇಂಗ್ಲಿಷಿಗೆ ತಿರುಗಿಸಿದಳು. "ನೀವು ಕೈ ಎತ್ತುವ ಮೊದಲೇ ಆ ಪಾಪಾ ಎರಡೂ ಕಿವಿ ಮುಚ್ಚಿಕೊಂಡು ಹೂಕುಂಡದ ಹಿಂದೆ ಹೋಗಿ ನಿಂತದ್ದನ್ನು ಅಪ್ಪ ನೋಡಿದರಂತೆ. ನನಗೆ ಗೊತ್ತಾಗುವ ಮೊದಲು ಆ ಮಗುವಿಗೆ ಗೊತ್ತಾಗಿತ್ತು, ಅದಕ್ಕೇ ಕೇಳಿದೆ ಅನ್ನುತ್ತಾರೆ."

ಕೈಯಲ್ಲಿದ್ದ ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟೆ.

"ಹೌದು" ಎಂದೆ. "ಮನೆಯಲ್ಲೂ ಹೀಗೇ."

ಆ ಮಾತನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ. ಮೊದಲ ಸಲ ಆಡಿದ್ದು ನಾನು ಹಲ್ಲು ಮುರಿದ ಮನುಷ್ಯನ ಮುಂದೆ. ಅವನು ತಲೆಯಾಡಿಸಿ ಸಹಿ ಹಾಕಿದ. ಕ್ಷಮಿಸಿದೆ ಎಂದು ಹೇಳಲಿಲ್ಲ. ಏಳುವಾಗ, ಆ ಹುಡುಗಿಗೆ ಹಡಗು ಸಿಕ್ಕಿತಾ ಎಂದು ಕೇಳಿದ. ಸಿಕ್ಕಿತು ಎಂದೆ. "ನಲ್ಲದು" ಎಂದ, ಒಳ್ಳೆಯದಾಯಿತು ಎಂದು, ಮತ್ತು ಮಗಳ ತೋಳು ಹಿಡಿದು ಹೊರಟ.

ವಿಶಾಖಪಟ್ಟಣದ ವಿಮಾನ ನಿಲ್ದಾಣಕ್ಕೆ ರಾಘು ಬಂದಿದ್ದ. ಮೆರೂನ್ ಚೀಲವನ್ನೂ ನಾನೇ ತಂದಿದ್ದೆ. ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಬೈಕಿನ ಪಕ್ಕ ಇಟ್ಟ. ಹೊರಗೆ ಜುಲೈನ ಮಳೆಗಾಳಿ ತೆಂಗಿನ ಗರಿಗಳನ್ನು ಹಿಡಿದು ಹಿಂಡುತ್ತಿತ್ತು. ಬೈಕಿನ ಹಿಡಿಕೆ ಹಿಡಿದಿದ್ದ ಅವನ ಬೆರಳುಗಳು ಬಿಳಿಚಿದ್ದವು.

"ಭಾವಾ, ಮನಿಗೆ ಬರಬ್ಯಾಡ್ರಿ."

"ಹೊಡೀ ರಾಘು," ಎಂದೆ. "ಹೊಡೀಬೇಕಂತ ಬಂದೀ. ಹೊಡಿ."

"ಹೊಡದ್ರ ನಿಮಗ ಸಮಾಧಾನ ಆಗ್ತದ. ಅದಕ್ಕ ಹೊಡ್ಯೂದಿಲ್ಲ," ಎಂದ. "ಮಧ್ಯಾಹ್ನದ ರೈಲು ಅದ. ವಿಜಯವಾಡಾಕ್ಕ ಹೋಗ್ರಿ."

ಹೋದೆ. ಬ್ಯಾಂಕಿನಲ್ಲಿ ವಿಚಾರಣೆ ನಡೆದು ಬಡ್ತಿ ನಿಂತಿತು. ನನ್ನನ್ನು ಗವರ್ನರ್‌ಪೇಟೆಯಿಂದ ತೆಗೆದು ಊರಾಚೆಯ ಶಾಖೆಗೆ ಹಾಕಿದರು. ಬೆಂಜ್ ಸರ್ಕಲ್ ಹತ್ತಿರ ಒಬ್ಬ ಮನೋವೈದ್ಯರ ಬಳಿ ವಾರಕ್ಕೊಮ್ಮೆ ಹೋಗತೊಡಗಿದೆ, ಈಗಲೂ ಹೋಗುತ್ತೇನೆ. ಒನ್ ಟೌನಿಗೆ ಮೂರು ಸಲ ಹೋಗಿ ಆ ಆಟೋದವನನ್ನು ಹುಡುಕಿದೆ. ಸಿಕ್ಕಿದಾಗ ಅವನಿಗೆ ನನ್ನ ಗುರುತೇ ಹತ್ತಲಿಲ್ಲ. ಹೇಳಿದ ಮೇಲೆ, "ಚಾಲಾ ಮಂದಿ ಕೊಡತಾರಂಡಿ" ಎಂದ, ಬಹಳ ಜನ ಹೊಡೆಯುತ್ತಾರೆ ಸ್ವಾಮಿ ಎಂದು, ಮತ್ತು ಗಾಡಿ ಶುರುಮಾಡಿದ.

ವಿಮಲಾ ಏಳು ತಿಂಗಳು ನನ್ನನ್ನು ಭೇಟಿಯಾಗಲಿಲ್ಲ. ಆಮೇಲೆ ರಾಘುವಿನ ಮೂಲಕ ಹೇಳಿಕಳಿಸಿದಳು, ತಿಂಗಳ ಎರಡನೆಯ ಶನಿವಾರ ನಾಲ್ಕು ಗಂಟೆಗೆ ಕಡಲದಂಡೆಯ ರಸ್ತೆಯಲ್ಲಿ, ಮೀನುಗಾರರ ದೋಣಿಗಳ ಎದುರಿನ ಕಲ್ಲುಬೆಂಚಿನಲ್ಲಿ ಒಂದು ತಾಸು ಕೂರಬಹುದು ಎಂದು. ಅಂದಿನಿಂದ ಹಾಗೇ ನಡೆದಿದೆ. ಒಮ್ಮೊಮ್ಮೆ ಅನು ಬರುತ್ತಾಳೆ, ಒಮ್ಮೊಮ್ಮೆ ಇಲ್ಲ. ಬಂದಾಗ ತಾಯಿಯ ಆ ಬದಿಗೆ ಕೂರುತ್ತಾಳೆ.

ಆಟೋನಗರ್‌ಗೆ ಹೋಗಿಬಂದ ಆ ವಾರದ ಕೊನೆಗೆ ಎರಡನೆಯ ಶನಿವಾರವೇ ಇತ್ತು. ಸಮುದ್ರ ಕೆರಳಿತ್ತು, ಅಲೆಗಳು ಕಲ್ಲುಗುಂಡುಗಳಿಗೆ ಅಪ್ಪಳಿಸಿ ರಸ್ತೆಯವರೆಗೆ ನೀರು ಹಾರುತ್ತಿತ್ತು. ವಿಮಲಾ ಒಬ್ಬಳೇ ಬಂದಳು. ಹುಬ್ಬಿನ ಗೆರೆ ಬೆಳ್ಳಗಾಗಿದೆ, ಅಲ್ಲಿ ಕೂದಲು ಬೆಳೆಯುವುದಿಲ್ಲ. ಅನೂಳ ಪರೀಕ್ಷೆಯ ಮಾತಾಯಿತು. ಆಮೇಲೆ, ಎರಡು ವರ್ಷದಲ್ಲಿ ಒಮ್ಮೆಯೂ ಕೇಳದಿದ್ದುದನ್ನು ಕೇಳಿದೆ.

"ಹಡಗಿನ್ಯಾಗ ಏನು ಮಾಡಿದ್ರಿ, ನೀವಿಬ್ರೂ?"

ಅವಳು ಸಮುದ್ರದ ಕಡೆಗೇ ನೋಡುತ್ತ ಹೇಳಿದಳು.

"ಅನು ಈಜಿದಳು. ಐಸ್ ಕ್ರೀಮ್ ತಿಂದಳು. ನಾ ಮೊದಲನೇ ದಿನ ಮಲಕೊಂಡೆ. ಹದಿನಾಲ್ಕು ತಾಸು. ಅನು ಎರಡು ಸಲ ಬಂದು ಮೂಗಿನ ಮುಂದ ಬೆರಳ ಹಿಡದು ನೋಡಿದಳಂತ, ಉಸಿರಾಡ್ತೀನೋ ಇಲ್ಲೋ ಅಂತ." ಸೆರಗಿನಿಂದ ಮುಖದ ಮೇಲಿನ ಉಪ್ಪುನೀರು ಒರೆಸಿಕೊಂಡಳು. "ಮದುವಿ ಆದಮ್ಯಾಲೆ ಹಂಗ ನಿದ್ದಿ ಬಂದಿರಲೇ ಇಲ್ರಿ. ಕಿವಿ ಒಂದು ಯಾವಾಗ್ಲೂ ಎಚ್ಚರ ಇರ್ತಿತ್ತು."

ನನಗೆ ಹೇಳಲು ಇದ್ದದ್ದನ್ನೆಲ್ಲ ವೈದ್ಯರ ಕೋಣೆಯಲ್ಲಿ ಹೇಳಿ ಮುಗಿಸಿದ್ದೆ, ಇಲ್ಲಿ ಅದನ್ನು ತೆಗೆದರೆ ಅವಳೇ ನನಗೆ ಸಮಾಧಾನ ಹೇಳಬೇಕಾಗುತ್ತಿತ್ತು.

ಐದು ಗಂಟೆಗೆ ಅವಳು ಎದ್ದಳು. ಟ್ಯೂಷನ್ನಿನ ಮಕ್ಕಳು ಬರುವ ಹೊತ್ತು.

"ಮುಂದಿನ ತಿಂಗಳು ಬರ್ಲೇನು?" ಎಂದು ಕೇಳಿದೆ.

ಕೊಡೆ ಬಿಚ್ಚುತ್ತಿದ್ದವಳು ನನ್ನ ಮುಖ ನೋಡಿದಳು, ಆ ದಿನ ಮೊದಲ ಸಲ.

"ಬರ್ರಿ," ಎಂದಳು. "ಇಲ್ಲಿಗೇ ಬರ್ರಿ. ಮನಿಗೆ ಬ್ಯಾಡ."